ಬೀಡಿ ಕಟ್ಟಿನ ಲೆಕ್ಕ

ಇವತ್ತು ಉಳ್ಳಾಲದಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ರಿಗೆ ದೊಡ್ಡವರಿಗೆ ಓದು ಬರಹ ಕಲಿಸುವ ಉಲ್ಲಾಸ್ ಯೋಜನೆಯ ಸಾಕ್ಷರತಾ ಪರೀಕ್ಷೆಗೆ ಪ್ರಾಕ್ಟೀಸ್ ಮಾಡಿಸ್ತಿದ್ದೆ ಮಾರಾಯ್ರೆ. ಹಾಳೆಯಲ್ಲಿ 25 × 40 ಅಂತ ನೋಡಿದ್ದೇ ಪೆನ್ಸಿಲ್ ಹಿಡಿದ ಕೈ ನಿಂತೇಬಿಡ್ತು, ಎಲೆ ಕತ್ತರಿಸಿ ಕತ್ತರಿಸಿ ಗಟ್ಟಿಯಾದ ಬೆರಳು ಬೇರೆ, ಪೆನ್ಸಿಲ್ ಜಾರ್ತದೆ ಅಂತಾರೆ.

25ರ ಕಟ್ಟು 40 ಆದ್ರೆ ಎಷ್ಟು ಬೀಡಿ ಅಂತ ಕೇಳಿದೆ. ತಲೆ ಎತ್ತದೆ "ಸಾವಿರ" ಅಂದ್ರು!

ಪರೀಕ್ಷೆಗೆ 150 ಅಂಕ, ಓದು ಬರಹ ಲೆಕ್ಕ ತಲಾ 50. ಲೆಕ್ಕ ಅವರಿಗೆ ಚೆನ್ನಾಗಿಯೇ ಗೊತ್ತುಂಟು, ಆ ಗುಣಾಕಾರದ ಚಿಹ್ನೆ ಮಾತ್ರ ಪರಿಚಯ ಇಲ್ಲ. ಬಾಯಲ್ಲಿ ಕೇಳಿ ನೋಡದೆ, ಇವರಿಗೆ ಲೆಕ್ಕ ಬರುದಿಲ್ಲ ಅಂತ ಯಾರ ಬಗ್ಗೆಯೂ ಬರೀಲೇಬಾರ್ದು.

ನಾಳೆ ಓದುವ ಭಾಗ. ಮನೆಯಲ್ಲಿ ತುಳು ಮಾತಾಡುವವರು, ಕನ್ನಡ ಪಾಠಕ್ಕಿಂತ ಗೊತ್ತಿರುವ ಊರಿನ ಹೆಸರು ಓದುದು ಸುಲಭ, ಹಾಗಾಗಿ ಬಸ್ಸಿನ ಬೋರ್ಡಿಂದಲೇ ಶುರು ಮಾಡುವ ಅಂತ, ತೊಕ್ಕೊಟ್ಟು, ಪಂಪ್‌ವೆಲ್, ಸ್ಟೇಟ್‌ಬ್ಯಾಂಕ್.