ಇದನ್ನೆಲ್ಲ ನಂಬ್ತೀರಾ?

ಮನೆಗೆ ಬಂದವರು ನನ್ನ ಪುಸ್ತಕದ ಕಪಾಟಿನ ಮುಂದೆ ನಿಂತು ಕೇಳುವುದು ಇದೊಂದೇ ಪ್ರಶ್ನೆ. ಹಾರುವ ತಟ್ಟೆ, ಬರ್ಮುಡಾ ತ್ರಿಕೋನ, ಸರೋವರದ ವಿಚಿತ್ರ ಪ್ರಾಣಿ, ಜನರಿಲ್ಲದೆ ತೇಲಿದ ಹಡಗು. ಇಂಥ ಹಳೆ ಪುಸ್ತಕಗಳೇ ಅಲ್ಲಿ ಮೂರು ಸಾಲು ಇವೆ. ಕಾರವಾರದ ಮಳೆಗಾಲಕ್ಕೆ ಅರ್ಧಕ್ಕರ್ಧ ಬೂಷ್ಟು ಹಿಡಿದಿವೆ. ಇಲ್ಲ, ನಂಬುವುದಿಲ್ಲ. ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ ಅಂತಾರೆ. ಅದಕ್ಕೆ ಉತ್ತರ ಸ್ವಲ್ಪ ಉದ್ದ.

ಮೊದಲನೆಯದು ಸಿಕ್ಕಿದ್ದು ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ. ಹಡಗು, ವಿಮಾನಗಳು ಕಾಣೆಯಾಗುತ್ತವೆ ಎನ್ನುವ ಅಟ್ಲಾಂಟಿಕ್ ಸಾಗರದ ಬರ್ಮುಡಾ ತ್ರಿಕೋನದ ಪುಸ್ತಕ ಅದು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ತೊಟ್ಟಿಲು ಹತ್ತಲು ಅಪ್ಪ ಕೊಟ್ಟ ದುಡ್ಡು ಹಳೆ ಪುಸ್ತಕದ ರಾಶಿಯ ಪಾಲಾಯಿತು. 1945ರ ಡಿಸೆಂಬರ್ 5ರಂದು ಫ್ಲೋರಿಡಾದಿಂದ ತರಬೇತಿಗೆ ಹೊರಟ ಅಮೆರಿಕದ ನೌಕಾಪಡೆಯ ಐದು ವಿಮಾನಗಳು, 14 ಜನ, ಮರಳಲೇ ಇಲ್ಲ. ಹುಡುಕಲು ಹೋದ ವಿಮಾನವೂ 13 ಜನರ ಸಮೇತ ಕಾಣೆ. ಆಕಾಶ ತಿಳಿಯಾಗಿತ್ತು, ಸಮುದ್ರ ಶಾಂತವಾಗಿತ್ತು ಅಂತ ಪುಸ್ತಕ ಹೇಳಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ ಲ್ಯಾರಿ ಕುಶೆಯ ಕೆಲಸದ ಬಗ್ಗೆ ತಿಳಿಯಿತು. ಅರಿಜೋನಾದ ಗ್ರಂಥಪಾಲಕ. ಇಂಥ ಒಂದೊಂದೇ ಘಟನೆ ಹಿಡಿದು ಅಂದಿನ ಪತ್ರಿಕೆ, ತನಿಖಾ ವರದಿ ತೆಗೆದು ನೋಡಿದ. 1975ರಲ್ಲಿ ಎಲ್ಲವನ್ನೂ ಪ್ರಕಟಿಸಿದ. ಎಷ್ಟೋ 'ಶಾಂತ ಸಮುದ್ರ'ಗಳಲ್ಲಿ ಬಿರುಗಾಳಿ ಇತ್ತು. ಕೆಲವು ಹಡಗು ಮುಳುಗಿದ್ದು ಆ ತ್ರಿಕೋನದಲ್ಲಿ ಅಲ್ಲವೇ ಅಲ್ಲ. ಐದು ವಿಮಾನಗಳ ಮುಂದಾಳು ದಿಕ್ಕು ತಪ್ಪಿದ್ದ, ಸಂಜೆಗೆ ಸಮುದ್ರ ಕೆರಳಿತ್ತು, ಇಂಧನ ಮುಗಿಯುತ್ತಾ ಬಂದಿತ್ತು. ಹುಡುಕಲು ಹೋದ ವಿಮಾನ ಕಾಣೆಯಾದ ಹೊತ್ತಿಗೆ ಒಂದು ಹಡಗಿನವರು ಬೆಂಕಿ ಏಳುವುದನ್ನೇ ಕಂಡಿದ್ದರು.

ದೊಡ್ಡ ಸುಳ್ಳೇನೂ ಬೇಕಿರಲಿಲ್ಲ, ನೋಡಿ. ಹವಾಮಾನದ ಒಂದು ಸಾಲು ಬಿಟ್ಟರೆ ಸಾಕಿತ್ತು. ನಮ್ಮ ಬೈತಖೋಲದ ಮೀನುಗಾರರಾದರೆ ಮೊದಲು ಕೇಳುತ್ತಿದ್ದುದೇ "ಗಾಳಿ ಹೇಗಿತ್ತು?" ಅಂತ. ಅಂದಿನಿಂದ ಪೆನ್ಸಿಲ್ ಹಿಡಿದೇ ಓದುತ್ತೇನೆ. ಬಿಟ್ಟ ಸಾಲು ಎಲ್ಲಿದೆ ಅಂತ ಹುಡುಕುವುದು ಪತ್ತೇದಾರಿ ಕಾದಂಬರಿಗಿಂತ ಜಾಸ್ತಿ ಮಜಾ.

ಅನ್ಯಗ್ರಹದವರು ಬಂದು ಎಲ್ಲ ಕಟ್ಟಿಕೊಟ್ಟು ಹೋದರು ಎನ್ನುವ ಪುಸ್ತಕಗಳು ಮಾತ್ರ ನನಗೆ ಸೇರುವುದಿಲ್ಲ. ಅಷ್ಟಾಗಿ ತುಕ್ಕು ಹಿಡಿಯದ ದೆಹಲಿಯ ಹಳೆ ಕಬ್ಬಿಣದ ಕಂಬವನ್ನೂ ಆ ಪಟ್ಟಿಗೆ ಎಳೆದಿದ್ದರು. ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ, ಅದರಿಂದ ಮೇಲೆ ಒಂದು ಕಾಯುವ ಪದರ ಕಟ್ಟುತ್ತದೆ ಅಂತ ಕಾನ್ಪುರ ಐಐಟಿಯ ಬಾಲಸುಬ್ರಮಣ್ಯಂ ವಿವರಿಸಿದ್ದಾರೆ. ನಮ್ಮ ಕಮ್ಮಾರರು ಬೆವರು ಸುರಿಸಿದ್ದಕ್ಕೆ ಹೆಸರು ಬೇರೆ ಗ್ರಹದವರಿಗಾ?

ಅಮೆರಿಕದ ಬರಹಗಾರ ಚಾರ್ಲ್ಸ್ ಫೋರ್ಟ್ ಮಾತ್ರ ಬೇರೆ ಜಾತಿ. ಗ್ರಂಥಾಲಯಗಳಲ್ಲಿ ಕೂತು ವಿಜ್ಞಾನ ಪತ್ರಿಕೆಗಳ ಮೂಲೆಯಲ್ಲಿದ್ದ ವಿಚಿತ್ರ ಸುದ್ದಿಗಳನ್ನು ಚೀಟಿಗಳಲ್ಲಿ ಬರೆದಿಟ್ಟವನು. ತನ್ನ ವಿವರಣೆಗಳನ್ನು ಅವನೇ ಅರ್ಧ ತಮಾಷೆಯಾಗಿ ನೋಡುತ್ತಿದ್ದ. ಅವನ 1919ರ ಪುಸ್ತಕದಲ್ಲಿ, ಪರ್ಷಿಯನ್ ಕೊಲ್ಲಿಯ ಕಡೆ ರಾತ್ರಿ ನೀರಿನಲ್ಲಿ ಬೆಳಕಿನ ಚಕ್ರ ತಿರುಗಿದ್ದನ್ನು ಕಂಡೆವೆಂಬ ಹಡಗಿನವರ ಮಾತುಗಳಿವೆ.

ಅದನ್ನು ಓದಿ ಬೇರೆಯವರು ನಗಬಹುದು. ಕಾರವಾರದವನಿಗೆ ನಗು ಬರುವುದಿಲ್ಲ. ಕೆಲವು ವರ್ಷ ನಮ್ಮ ದಂಡೆಯಲ್ಲೂ ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು ಮಿಂಚುತ್ತದೆ. ನಾಕ್ಟಿಲ್ಯೂಕ ಎಂಬ ಸೂಕ್ಷ್ಮಜೀವಿ ಅದು, ನೀರು ಕಲಕಿದರೆ ಹೊಳೆಯುತ್ತದೆ. ಆ ಸುದ್ದಿ ಬಂದ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಓಡುತ್ತೇನೆ. ಚಪ್ಪಲಿ ಕೈಯಲ್ಲಿ, ಒದ್ದಲ್ಲೆಲ್ಲ ನೀಲಿ.