ಸಂಘದ ಚುನಾವಣೆಗೆ ಆನ್‌ಲೈನ್ ಮತದಾನ: ತಂತ್ರಾಂಶಕ್ಕಿಂತ ಮೊದಲು ಕೀಲಿಗಳ ಮಾತು

ರಾಯಚೂರಿನ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಊರಿನಲ್ಲಿ ಉಳಿದವರಿಗಿಂತ ಹೊರಗೆ ನೆಲೆಸಿದವರೇ ಹೆಚ್ಚು. ಶಕ್ತಿನಗರ, ಹಟ್ಟಿ, ಸಿಂಧನೂರುಗಳಲ್ಲಿ ನೌಕರಿಯಲ್ಲಿರುವವರನ್ನು ಬಿಟ್ಟರೆ ಉಳಿದವರು ಹೈದರಾಬಾದ್, ಬೆಂಗಳೂರು ಮತ್ತು ಕೊಲ್ಲಿ ದೇಶಗಳಲ್ಲಿದ್ದಾರೆ. ಊರಿನಲ್ಲಿ ಮತಪೆಟ್ಟಿಗೆ ಇಟ್ಟರೆ ಊರಿನವರಷ್ಟೇ ಪದಾಧಿಕಾರಿಗಳನ್ನು ಆರಿಸಿದಂತಾಗುತ್ತದೆ ಎಂಬ ಕಾರಣಕ್ಕೆ ಆನ್‌ಲೈನ್ ಮತದಾನಕ್ಕೆ ಮಹಾಸಭೆ ಠರಾವು ಮಾಡಿತು. ತಂತ್ರಾಂಶವನ್ನು ಆರಿಸುವ ಉಪಸಮಿತಿಯಲ್ಲಿ ನಾನೂ ಇದ್ದೆ. ಎದುರಾದವರೆಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಹೊರಗಿನವರು ಹ್ಯಾಕ್ ಮಾಡಿದರೆ ಏನು ಗತಿ? ಸಂಘದ ಚುನಾವಣೆಯನ್ನು ಕೆಡಿಸಲು ದೂರದೇಶದಿಂದ ಯಾರೂ ಬರುವುದಿಲ್ಲ. ಯಾರು ಯಾರಿಗೆ ಮತ ಹಾಕಿದರೆಂದು ತಿಳಿಯುವ ಆಸೆಯೂ ಅವಕಾಶವೂ ಇರುವುದು ಒಳಗಿನವರಿಗೇ. ಆದ್ದರಿಂದ ಚುನಾವಣೆ ನಡೆಸುವ ವ್ಯಕ್ತಿಯೇ ಮನಸ್ಸು ಮಾಡಿದರೂ ಏನನ್ನು ನೋಡಲಾಗದು, ಏನನ್ನು ಬದಲಿಸಲಾಗದು ಎಂಬುದೇ ತಂತ್ರಾಂಶವನ್ನು ಅಳೆಯುವ ಸರಿಯಾದ ಮಾನದಂಡ ಎಂದು ನಾನು ವಾದಿಸಿದೆ.

ಈ ಮಾನದಂಡದ ಮುಂದೆ ಗೂಗಲ್ ಫಾರ್ಮ್ಸ್ ನಿಲ್ಲುವುದಿಲ್ಲ. ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿಯನ್ನು ಹಾಕಿದರೆ ಪ್ರತಿಯೊಬ್ಬರೂ ಗೂಗಲ್ ಖಾತೆಯಿಂದ ಲಾಗಿನ್ ಆಗಬೇಕಾಗುತ್ತದೆ. ಹಾಕದಿದ್ದರೆ ಒಬ್ಬರೇ ಹತ್ತು ಸಲ ತುಂಬಬಹುದು. ಇಮೇಲ್ ವಿಳಾಸವನ್ನು ಪಡೆಯದೆ ಇದ್ದರೂ ಉತ್ತರಗಳ ಹಾಳೆಯಲ್ಲಿ ಪ್ರತಿ ಸಾಲಿನ ಪಕ್ಕದಲ್ಲಿ ದಿನಾಂಕ ಮತ್ತು ಸಮಯ ಬೀಳುತ್ತವೆ. "ಈಗಷ್ಟೇ ಮತ ಹಾಕಿದೆ" ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ಸಾಹದಿಂದ ಬರೆಯುವ ನಮ್ಮ ಸದಸ್ಯರ ಅಭ್ಯಾಸವನ್ನು ಬಲ್ಲವರಿಗೆ, ಆ ಎರಡು ಸಮಯಗಳನ್ನು ತಾಳೆ ಹಾಕುವುದು ಎಷ್ಟು ಸುಲಭವೆಂದು ವಿವರಿಸಬೇಕಾಗಿಲ್ಲ.

ಕಾನೂನಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿರುವ ಸಂಘವು ತನ್ನ ಬೈಲಾದಲ್ಲಿ ಈ ಪದ್ಧತಿಗೆ ಅವಕಾಶ ಮಾಡಿಕೊಂಡೇ ಮುಂದುವರಿಯಬೇಕು, ಇಲ್ಲವಾದರೆ ಸೋತವರು ಮೊದಲು ಹಿಡಿಯುವುದೇ ಆ ಎಳೆಯನ್ನು. ಸಹಕಾರ ಸಂಘಗಳ ಚುನಾವಣೆಯನ್ನು ಪ್ರತ್ಯೇಕ ಪ್ರಾಧಿಕಾರವೇ ನಡೆಸುವುದರಿಂದ ಅವುಗಳಿಗೆ ಈ ಬರಹ ಅನ್ವಯಿಸುವುದಿಲ್ಲ. ಒಳ್ಳೆಯ ಮಾದರಿಯೊಂದು ಬೇಕಿದ್ದರೆ ಕಂಪನಿ ಕಾಯ್ದೆ, 2013ರ 108ನೆಯ ಕಲಮು ಮತ್ತು ಅದರಡಿ 2014ರಲ್ಲಿ ಬಂದ ನಿಯಮಗಳಲ್ಲಿ 20ನೆಯದನ್ನು ನೋಡಬಹುದು: ದೂರದಿಂದ ಮತ ಹಾಕಲು ಕನಿಷ್ಠ 3 ದಿನ ಕೊಡಬೇಕು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮತದಾನ ಮುಗಿಯಬೇಕು, ಕಂಪನಿಯ ನೌಕರನಲ್ಲದ ಪರಿಶೀಲಕನೊಬ್ಬನಿರಬೇಕು. ನಮ್ಮ ಮೇಲೆ ಇದು ಕಡ್ಡಾಯವಲ್ಲದಿದ್ದರೂ ಮೂರನ್ನೂ ನಾವು ಎರವಲು ಪಡೆದೆವು.

ಕೊನೆಗೆ ನಮ್ಮ ಮುಂದೆ ಉಳಿದವು ಎರಡು ಮುಕ್ತ ತಂತ್ರಾಂಶಗಳು. ಸಂಶೋಧಕ ಬೆನ್ ಅದಿದಾ 2008ರಲ್ಲಿ ಪ್ರಕಟಿಸಿದ ಹೀಲಿಯೋಸ್ ಒಂದು. ಅದರ ದಾರಿಯಲ್ಲೇ ಮುಂದುವರಿದು ಫ್ರಾನ್ಸಿನ ಸಂಶೋಧಕರು ಕಟ್ಟಿದ ಬೆಲೆನಿಯೋಸ್ ಇನ್ನೊಂದು. ಎರಡರಲ್ಲೂ ಮತವು ಮತದಾರರ ಮೊಬೈಲ್ ಅಥವಾ ಕಂಪ್ಯೂಟರಿನಲ್ಲೇ ಎನ್‌ಕ್ರಿಪ್ಟ್ ಆಗಿ, ಅಂದರೆ ಕೀಲಿಯಿಲ್ಲದೆ ಓದಲಾಗದ ಗುಪ್ತರೂಪ ಪಡೆದು, ಸರ್ವರಿಗೆ ಹೋಗುತ್ತದೆ. ಸಾಮಾನ್ಯ ಮತಪತ್ರವಾದರೆ ಎನ್‌ಕ್ರಿಪ್ಟ್ ಆದ ಮತಗಳನ್ನು ಹಾಗೆಯೇ ಕೂಡಿಸಿ ಒಟ್ಟು ಮೊತ್ತವನ್ನು ಮಾತ್ರ ಬಿಡಿಸಲಾಗುತ್ತದೆಯೇ ಹೊರತು ಬಿಡಿ ಮತವನ್ನು ಯಾರೂ ತೆರೆಯುವುದಿಲ್ಲ. ಮತ ಹಾಕಿದ ಮೇಲೆ ಸಿಗುವ ಗುರುತಿನ ಸಂಕೇತವನ್ನು ಇಟ್ಟುಕೊಂಡು, ಪ್ರಕಟಿತ ಪಟ್ಟಿಯಲ್ಲಿ ತಮ್ಮ ಮತ ಇದೆಯೇ ಎಂದು ಸದಸ್ಯರೇ ನೋಡಿಕೊಳ್ಳಬಹುದು. ಆದರೆ ಪಕ್ಕದಲ್ಲಿ ನಿಂತು "ನನ್ನ ಕಣ್ಣ ಮುಂದೆ ಒತ್ತು" ಎನ್ನುವವರನ್ನು ಯಾವ ಗಣಿತವೂ ತಡೆಯದು. ಸಾರ್ವಜನಿಕ ಹುದ್ದೆಗಳ ಚುನಾವಣೆಗೆ ತಮ್ಮ ವ್ಯವಸ್ಥೆಯನ್ನು ಬಳಸಬೇಡಿರೆಂದು ಹೀಲಿಯೋಸ್‌ನವರೇ ಹೇಳಿರುವುದಕ್ಕೆ ಇಂಥ ಒತ್ತಡದ ಭಯವೂ ಒಂದು ಕಾರಣ. ಮತದಾನ ಮುಗಿಯುವವರೆಗೆ ಮತ್ತೆ ಮತ ಹಾಕಬಹುದು, ಕೊನೆಯದೇ ಎಣಿಕೆಗೆ ಬರುತ್ತದೆ ಎಂಬ ಸೌಲಭ್ಯವು ಒತ್ತಡವನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ.

ಒಟ್ಟು ಮೊತ್ತವನ್ನು ಬಿಡಿಸುವ ಗುಪ್ತ ಸಂಕೇತಗಳಾದ ಕೀಲಿಗಳ ಹಂಚಿಕೆಗೆ ನಾವು ಅತಿ ಹೆಚ್ಚು ಸಮಯ ಕೊಟ್ಟೆವು. ಹೀಲಿಯೋಸ್‌ನಲ್ಲಿ ಕೀಲಿ ಹಿಡಿಯುವ ಬೇರೆ ಟ್ರಸ್ಟಿಗಳನ್ನು ಸೇರಿಸದಿದ್ದರೆ ಫಲಿತಾಂಶದ ಕೀಲಿ ಸರ್ವರಿನ ಬಳಿಯೇ ಉಳಿಯುತ್ತದೆ. ಸೇರಿಸಿದರೆ ಅವರೆಲ್ಲರ ಕೀಲಿಯೂ ಬೇಕಾಗುತ್ತದೆ. ಇದರ ಅಪಾಯವನ್ನು ತಿಳಿಯಲು ಗೂಢಲಿಪಿ ಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘಟನೆಯಾದ ಐಎಸಿಆರ್‌ನ 2025ರ ಚುನಾವಣೆಯನ್ನು ನೋಡಿದರೆ ಸಾಕು. ಮೂವರು ಟ್ರಸ್ಟಿಗಳಲ್ಲಿ ಒಬ್ಬರ ಕೀಲಿ ಕಳೆದುಹೋಗಿ, ಹಾಕಿದ ಮತಗಳೆಲ್ಲ ಸುರಕ್ಷಿತವಾಗಿದ್ದರೂ ಫಲಿತಾಂಶವನ್ನು ತೆರೆಯಲಾಗದೆ, ಚುನಾವಣೆಯನ್ನೇ ಮತ್ತೆ ನಡೆಸಬೇಕಾಯಿತು. ಈ ವಿದ್ಯೆಯನ್ನು ಜಗತ್ತಿಗೆ ಕಲಿಸುವವರಿಗೇ ಹೀಗಾಗುವುದಾದರೆ, ಮೊಬೈಲ್ ಬದಲಿಸಿದಾಗ ಫೋಟೋಗಳನ್ನೂ ಉಳಿಸಿಕೊಳ್ಳಲಾಗದ ನಮ್ಮ ಪಾಡೇನು! ಮೂವರಲ್ಲಿ ಯಾವ ಇಬ್ಬರ ಕೀಲಿಯಾದರೂ ಸಾಕು ಎಂಬ ಏರ್ಪಾಡು ಬೆಲೆನಿಯೋಸ್‌ನಲ್ಲಿದೆ, ನಾವು ಅದನ್ನು ಆರಿಸಿಕೊಂಡದ್ದು ಮುಖ್ಯವಾಗಿ ಇದಕ್ಕಾಗಿ. ಎರಡು ಬಣಗಳಿಂದ ಒಬ್ಬೊಬ್ಬರು ಮತ್ತು ಯಾವ ಬಣಕ್ಕೂ ಸೇರದ ಹಿರಿಯ ವಕೀಲರೊಬ್ಬರು ಕೀಲಿ ಹಿಡಿದರು. ಮತ ಹಾಕಲು ಪ್ರತಿ ಮತದಾರರಿಗೂ ಬೇಕಾದ ರಹಸ್ಯ ಸಂಕೇತಗಳನ್ನು ಸರ್ವರೇ ತಯಾರಿಸುವ ಸುಲಭದ ಆಯ್ಕೆಯೂ ಅಲ್ಲಿ ಇದೆ. ಅದನ್ನು ಒಪ್ಪಿದರೆ ಮತದಾನ ಮಾಡದವರ ಹೆಸರಿನಲ್ಲಿ ಮತ ತುಂಬುವ ಶಕ್ತಿ ಒಂದೇ ಕಡೆ ಸೇರುತ್ತದೆಯಾದ್ದರಿಂದ, ಆ ಕೆಲಸವನ್ನು ಬೇರೆಯವರಿಗೆ ವಹಿಸಿದೆವು.

ಇಷ್ಟಾದರೂ ಮತದಾರರ ಪಟ್ಟಿ ಕೆಟ್ಟಿದ್ದರೆ ಯಾವ ತಂತ್ರಾಂಶವೂ ಉಳಿಸಲಾರದು. ನಮ್ಮ ಪಟ್ಟಿಯ ಬಹುಭಾಗ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿತ್ತು. ಅದನ್ನು ಎಲ್ಲ ಕಂಪ್ಯೂಟರುಗಳೂ ಓದುವ ಯುನಿಕೋಡ್‌ಗೆ ಪರಿವರ್ತಿಸದೆ ಏರಿಸಿದರೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಎಕ್ಸೆಲ್‌ನಿಂದ ಸಿಎಸ್‌ವಿ ಕಡತವಾಗಿ ಉಳಿಸುವಾಗ ಯುಟಿಎಫ್-8 ಎಂಬ ಯುನಿಕೋಡ್ ರೂಪವನ್ನು ಆರಿಸದಿದ್ದರೆ ಯುನಿಕೋಡ್ ಕನ್ನಡವೂ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತದೆ. ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿದ್ದು ಒಂದೇ ಇಮೇಲ್ ಕೊಟ್ಟಿರುವುದು, ಮಗನ ವಿಳಾಸವನ್ನು ತಂದೆ ಬರೆಸಿರುವುದು ಇಂಥ ಪಟ್ಟಿಗಳಲ್ಲಿ ಸಾಮಾನ್ಯ. ಇಬ್ಬರ ರಹಸ್ಯ ಸಂಕೇತ ಒಂದೇ ಇಮೇಲ್ ಪೆಟ್ಟಿಗೆಗೆ ಹೋದರೆ ಇಬ್ಬರ ಮತವನ್ನೂ ಒಬ್ಬರೇ ಹಾಕುತ್ತಾರೆಂದೇ ತಿಳಿಯಬೇಕು. ಆದಕಾರಣ ಕರಡು ಪಟ್ಟಿಯನ್ನು ಹೆಸರು ಮತ್ತು ತೇರ್ಗಡೆಯಾದ ವರ್ಷದೊಂದಿಗೆ ಮಾತ್ರ ಪ್ರಕಟಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟು, ಪ್ರತಿಯೊಬ್ಬರಿಂದ ಪ್ರತ್ಯೇಕ ಇಮೇಲ್ ಪಡೆದೆವು. ಎಸ್‌ಎಂಎಸ್ ಮೂಲಕ ಒಟಿಪಿ ಕಳುಹಿಸಬೇಕೆಂಬ ಸಲಹೆ ಬಂದಿತ್ತು; ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯಂತೆ ಸಂಸ್ಥೆಯ ಹೆಸರು, ಕಳುಹಿಸುವವರ ಗುರುತು ಮತ್ತು ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಬೇಕಾದ್ದರಿಂದ ಅದನ್ನು ಕೈಬಿಟ್ಟೆವು. ಚುನಾವಣೆಗೆ ಮುಂಚೆ ಎಲ್ಲರಿಗೂ ಪರೀಕ್ಷಾ ಇಮೇಲ್ ಹೋಗಲೇಬೇಕು, ಏಕೆಂದರೆ ಸ್ಪ್ಯಾಮ್‌ನಲ್ಲಿ ಬಿದ್ದ ಪತ್ರವನ್ನು ಮತದಾನದ ದಿನ ಹುಡುಕಿಸುವುದು ಆಗದ ಮಾತು.

ಮತಪತ್ರದ ವಿಷಯದಲ್ಲಿ ಹೆಚ್ಚು ಚರ್ಚೆಯಾದದ್ದು ಅಭ್ಯರ್ಥಿಗಳ ಕ್ರಮ. ಪ್ರತಿ ಮತದಾರರಿಗೂ ಹೆಸರುಗಳನ್ನು ಬೇರೆ ಬೇರೆ ಕ್ರಮದಲ್ಲಿ ತೋರಿಸುವ ಆಯ್ಕೆ ಹೀಲಿಯೋಸ್‌ನಂಥ ತಂತ್ರಾಂಶಗಳಲ್ಲಿ ಇರುತ್ತದೆ, ತತ್ತ್ವದಲ್ಲಿ ಅದೇ ನ್ಯಾಯ. ಆದರೆ "ಕ್ರಮಸಂಖ್ಯೆ ಇಷ್ಟಕ್ಕೆ ಮತ ನೀಡಿ" ಎಂದೇ ಪ್ರಚಾರ ಮಾಡುವ ನಮ್ಮ ಕಡೆ ಅದು ಗೊಂದಲಕ್ಕೆ ದಾರಿಯಾಗುತ್ತದೆ. ಕನ್ನಡ ಅಕಾರಾದಿಯಲ್ಲಿ ಸ್ಥಿರ ಕ್ರಮವಿಟ್ಟು, ಹೆಸರಿನ ಜೊತೆ ಅಭ್ಯರ್ಥಿಯ ತೇರ್ಗಡೆಯ ವರ್ಷವನ್ನು ಬರೆದೆವು. ಒಂದೇ ಹೆಸರಿನವರು ಇದ್ದಾಗ ಇದು ಅನಿವಾರ್ಯ. ಸಮಿತಿಯ ಸ್ಥಾನಗಳಿಗೆ ಗರಿಷ್ಠ ಆಯ್ಕೆಯ ಮಿತಿಯನ್ನು ಬೈಲಾಕ್ಕೆ ಸರಿಯಾಗಿ ಹಾಕಿದೆವು, ಮಹಿಳಾ ಸ್ಥಾನಗಳಿಗೆ ಪ್ರತ್ಯೇಕ ಪ್ರಶ್ನೆ ಮಾಡಿದೆವು, ಯಾರಿಗೂ ಮತವಿಲ್ಲ ಎನ್ನಲು ಅವಕಾಶವಿಟ್ಟೆವು. ಮತದಾನ ಆರಂಭವಾದ ಮೇಲೆ ಪ್ರಶ್ನೆಗಳನ್ನು ತಿದ್ದಲಾಗದು, ಹಾಗಾಗಿ ಕೊನೆಯ ಕರಡನ್ನು ಎಲ್ಲ ಅಭ್ಯರ್ಥಿಗಳಿಗೂ ತೋರಿಸಿ ಸಹಿ ಪಡೆಯುವುದು ಕ್ಷೇಮ.

ಮೊಬೈಲಿನಲ್ಲಿ ಮತ ಹಾಕಲು ಒಲ್ಲದ ಹಿರಿಯ ಸದಸ್ಯರಿಗೆ ಕಾಗದದ ಮತಪತ್ರವನ್ನು ಉಳಿಸಿಕೊಂಡೆವು. ಅಂಥವರು ಮೊದಲೇ ಬರೆದುಕೊಡಬೇಕು, ಅವರ ಹೆಸರನ್ನು ಆನ್‌ಲೈನ್ ಪಟ್ಟಿಯಿಂದ ತೆಗೆದ ಮೇಲೆಯೇ ಆ ಪಟ್ಟಿಯನ್ನು ತಂತ್ರಾಂಶಕ್ಕೆ ಏರಿಸಬೇಕು. ಮತದಾನದ ನಡುವೆ ಒಬ್ಬೊಬ್ಬರನ್ನೇ ಪಟ್ಟಿಯಿಂದ ಹೊಡೆಯುತ್ತ ಹೋಗುವ ಅಧಿಕಾರವನ್ನು ನಾನು ಯಾರಿಗೂ ಕೊಡಲಾರೆ, ಎಷ್ಟೇ ಪ್ರಾಮಾಣಿಕರಾಗಿದ್ದರೂ.

ಫಲಿತಾಂಶದ ನಂತರ ತಕರಾರಿನ ಅವಧಿ ಮುಗಿಯುವವರೆಗೆ ಟ್ರಸ್ಟಿಗಳ ಕೀಲಿಗಳು ಉಳಿದಿರುತ್ತವೆ. ಆಮೇಲೆ ಮೂವರೂ ಪರಿಶೀಲಕರ ಎದುರಿನಲ್ಲಿ ಅವುಗಳನ್ನು ಅಳಿಸಬೇಕು. ಈ ಚುನಾವಣೆಗೆಂದೇ ಪಡೆದ ಇಮೇಲ್ ಪಟ್ಟಿಯನ್ನು ಮುಂದಿನ ಸಮಿತಿಯ ದೇಣಿಗೆ ಸಂಗ್ರಹಕ್ಕೆ ಬಳಸಬಾರದು ಎಂಬುದನ್ನೂ ಠರಾವಿನಲ್ಲಿ ಸೇರಿಸಿದ್ದೇವೆ.