ಬಾಸ್ಟನ್‌ನ 60, ದಾವಣಗೆರೆಯ 50

ದಾವಣಗೆರೆಯಲ್ಲಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ರೆಕಾರ್ಡಿಂಗ್, ತೆಗೆಯುವುದು ನನ್ನ ಕೆಲಸ. ತಲೆಗೆ ಪೇಸ್ಟ್ ಹಚ್ಚಿ, ಎಲೆಕ್ಟ್ರೋಡ್ ಕೂರಿಸಿ, ಕಣ್ಣು ಮುಚ್ಕೊಳ್ಳಿ ಅಂತ ಹೇಳಿ, ಪರದೆ ಮೇಲೆ ಓಡುವ ಗೆರೆಗಳನ್ನು ನೋಡುತ್ತಾ ಕೂರುತ್ತೇನೆ. ಹೋದ ವರ್ಷ ಜಗಳೂರು ಕಡೆಯ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಫಿಟ್ಸ್. ಬೇರೆ ಊರಲ್ಲಿ ತೆಗೆಸಿದ್ದ ರೆಕಾರ್ಡಿಂಗ್ ಸಿಡಿಯಲ್ಲಿತ್ತು, ಜೋಪಾನವಾಗಿ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ತಂದಿದ್ದರು, ಆದರೆ ಅದು ಆ ಮೆಷಿನ್‌ನ ಸಾಫ್ಟ್‌ವೇರ್ ಬಿಟ್ಟು ಬೇರೆಲ್ಲೂ ತೆರೆಯಲೇ ಇಲ್ಲ. ಆಗ ಹೇಗಿತ್ತು, ಈಗ ಹೇಗಿದೆ ಅಂತ ಹೋಲಿಸಿ ನೋಡೋಕೆ ಆಗಲಿಲ್ಲ. ಅದು ನನಗೆ ಇನ್ನೂ ಬೇಜಾರು.

ಅವತ್ತಿಂದ ಹುಡುಕೋಕೆ ಶುರು ಮಾಡಿದೆ. ಇಂಥ ರೆಕಾರ್ಡಿಂಗನ್ನು ಒಂದೇ ಕಂಪನಿಯ ಸಾಫ್ಟ್‌ವೇರ್‌ಗೆ ಕಟ್ಟಿಹಾಕದೆ ಇಡುವ ಇಡಿಎಫ್ ಅನ್ನೋ ಫೈಲ್ ಬಗೆ 1992ರಿಂದಲೇ ಇದೆ. ಯಾರು ಬೇಕಾದರೂ ಬಳಸಬಹುದು. ಎಷ್ಟೋ ಮೆಷಿನ್‌ಗಳ ಎಕ್ಸ್‌ಪೋರ್ಟ್ ಮೆನುವಿನಲ್ಲಿ ಅದು ಸುಮ್ನೆ ಕೂತಿರುತ್ತದೆ, ನಾವೇ ಒತ್ತಿರುವುದಿಲ್ಲ. ಬರೀ ನೋಡುವುದಕ್ಕೆ ಇಡಿಎಫ್‌ಬ್ರೌಸರ್ ಅನ್ನೋ ಸಾಫ್ಟ್‌ವೇರ್ ಸಾಕು. ಲೆಕ್ಕ ಹಾಕಿ ನೋಡಬೇಕು ಅಂದರೆ ಇಇಜಿಲ್ಯಾಬ್ ಇದೆ, ಉಚಿತವೇ, ಆದರೆ ಸಾಮಾನ್ಯವಾಗಿ ಅದು ಓಡುವುದು ಮ್ಯಾಟ್‌ಲ್ಯಾಬ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಮೇಲೆ, ಮ್ಯಾಟ್‌ಲ್ಯಾಬ್‌ಗೆ ದುಡ್ಡು ಕಟ್ಟಬೇಕು. ನಾನು ಹಿಡಿದದ್ದು ಎಂಎನ್‌ಇ-ಪೈಥಾನ್, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದೇ ಲೆಕ್ಕ ಹಾಕುವ ಸಲಕರಣೆ. ಪೈಥಾನೂ ಪುಕ್ಕಟೆ, ಇದೂ ಪುಕ್ಕಟೆ.

ಕಲಿಯೋಕೆ ಫೈಲ್ ಬೇಕಲ್ವಾ? ವೈದ್ಯಕೀಯ ರೆಕಾರ್ಡಿಂಗ್‌ಗಳನ್ನು ಹಂಚುವ ಫಿಸಿಯೋನೆಟ್ ಅನ್ನೋ ಜಾಲತಾಣದಲ್ಲಿ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ ತೆಗೆದ ಫಿಟ್ಸ್ ರೆಕಾರ್ಡಿಂಗ್‌ಗಳಿವೆ. 22 ಜನರದ್ದು, ಹೆಸರಿಲ್ಲದೆ, ಸೆಕೆಂಡಿಗೆ 256 ಸಲ ಅಳೆದದ್ದು. ರಾತ್ರಿ ಊಟ ಮುಗಿಸಿ ಅದನ್ನೇ ತೆರೆದು ಕೂರುತ್ತಿದ್ದೆ. ಆಮೇಲೆ ಡಾಕ್ಟರನ್ನು ಕೇಳಿ ನನ್ನದೇ ತಲೆಯ ರೆಕಾರ್ಡಿಂಗ್ ತೆಗೆಸಿಕೊಂಡೆ. ಎಂಎನ್‌ಇ-ಪೈಥಾನ್ ಕಲಿಸುವ ಪಾಠದಲ್ಲಿ ಇದ್ದ ಹಾಗೇ ಪ್ರೋಗ್ರಾಮ್ ಸಾಲುಗಳನ್ನು ಬರೆದು ಓಡಿಸಿದರೆ ಗೆರೆಗಳ ಮೇಲಿನ ಸಣ್ಣ ನಡುಕ ಹೋಗಲೇ ಇಲ್ಲ, ಎಲೆಕ್ಟ್ರೋಡ್ ಸಡಿಲ ಇತ್ತೇನೋ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಯಾವ ವೇಗದ ಅಲೆ ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರಮ್ ಚಿತ್ರ ಬಿಡಿಸಿ ನೋಡಿದರೆ 50 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುವ ಕಡೆ, ಸೂಜಿಯ ಹಾಗೆ ಒಂದು ಗೆರೆ ಎದ್ದಿದೆ. ರೆಕಾರ್ಡಿಂಗ್‌ಗೆ ನುಸುಳಿದ್ದ ನಮ್ಮ ಕರೆಂಟು! ಅಮೆರಿಕದ ಕರೆಂಟು 60 ಹರ್ಟ್ಸ್, ಪಾಠದಲ್ಲಿ ತೆಗೆದುಹಾಕಿದ್ದೂ 60. ನಾನು ಅದನ್ನೇ ನಕಲು ಮಾಡಿದ್ದೆ. 50 ಅಂತ ತಿದ್ದಿದೆ, ಗೆರೆ ತಿಳಿಯಾಯಿತು. ಕಣ್ಣು ಮುಚ್ಚಿದ ಜಾಗದಲ್ಲಿ, ತಲೆಯ ಹಿಂಭಾಗದ ಚಾನೆಲ್‌ಗಳಲ್ಲಿ, 8ರಿಂದ 13 ಹರ್ಟ್ಸ್ ನಡುವಿನ ಆಲ್ಫಾ ಅಲೆ ಚೆನ್ನಾಗಿ ಎದ್ದು ಕಾಣಿಸಿತು. ಮನುಷ್ಯರ ಇಇಜಿಯನ್ನು ಮೊದಲು ತೆಗೆದ ಜರ್ಮನ್ ಡಾಕ್ಟರ್ ಹ್ಯಾನ್ಸ್ ಬರ್ಗರ್ 1929ರಲ್ಲಿ ಬರೆದದ್ದು ಇದೇ ಅಲೆಯ ಬಗ್ಗೆ. ಆಸ್ಪತ್ರೆಯ ಮೆಷಿನ್‌ನಲ್ಲಿ ಈ ನಡುಕ ತೆಗೆಯುವ ಕೆಲಸ ಒಂದು ಬಟನ್‌ನ ಒಳಗೆ ಮುಗಿದುಹೋಗುತ್ತದೆ, ಇಷ್ಟು ವರ್ಷ ಆ ಬಟನ್ ಒತ್ತಿದರೂ ಒಳಗೆ ಏನಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಇದನ್ನು ಇಟ್ಟುಕೊಂಡು ಮನೆಯಲ್ಲೇ ಕಾಯಿಲೆ ಕಂಡುಹಿಡಿಯೋಕೆ ಹೋಗಬೇಡಿ, ಅದು ನರರೋಗದ ಡಾಕ್ಟರ ಕೆಲಸ. ಆದರೆ ಮಕ್ಕಳಿಗೆ ಇಇಜಿ ಮಾಡಿಸಿದರೆ ರಿಪೋರ್ಟ್ ಜೊತೆಗೆ ಇಡಿಎಫ್ ಫೈಲನ್ನೂ ಪೆನ್‌ಡ್ರೈವ್‌ನಲ್ಲಿ ಕೇಳಿ ಇಸ್ಕೊಳ್ಳಿ. ಫೈಲಿನ ತಲೆಭಾಗದಲ್ಲಿ ರೋಗಿಯ ಹೆಸರು ಇರಬಹುದು, ಹಾಗಾಗಿ ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಹಾಗೇ ಕಳಿಸಬೇಡಿ.